ನಲವತ್ತಮೂರು ಜನ, ಒಂದೇ ವಿಳಾಸ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ನಾನು ಹೇಳುವ ಮಾತಲ್ಲ, ಅರಸೀಕೆರೆಯ ನಮ್ಮ ಕಾಲೇಜಿನ ಆಫೀಸು ಕಿಟಕಿಗೆ ಒಂದು ಸಲ ಬಂದು ನಿಂತವರೆಲ್ಲ ಹೇಳುವ ಮಾತು. ಇಪ್ಪತ್ತೇಳು ವರ್ಷದಿಂದ ಆ ಕಿಟಕಿಯ ಒಳಗಡೆ ಕೂತಿದ್ದೇನೆ. ಗುಮಾಸ್ತೆಯಾಗಿ ಸೇರಿದವಳು ಈಗ ಸೂಪರಿಂಟೆಂಡೆಂಟ್. ನೋಟಿಸ್ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕಿದ್ದನ್ನೇ ದಿನಕ್ಕೆ ಐವತ್ತು ಜನ ಬಂದು ಕೇಳಿದರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ? ಆದರೆ ಈಗ ಹೇಳಹೊರಟ ವಿಷಯದಲ್ಲಿ ನನಗೆ ಮೊದಲು ಕೋಪ ಬಂದದ್ದು ಇಮೇಲಿನ ಮೇಲೆ. ಆಮೇಲೆ ಹೊಸ ಪ್ರಿನ್ಸಿಪಾಲರ ಮೇಲೆ, ಆಮೇಲೆ ಹಳೇಬೀಡಿನ ಜೆರಾಕ್ಸ್ ಅಂಗಡಿಯವರ ಮೇಲೆ. ಕೊನೆಗೆ ಯಾರ ಮೇಲೆ ಬರಬೇಕಾಗಿತ್ತೋ ಅವಳ ಮೇಲೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು.

ಹೊಸ ಪ್ರಿನ್ಸಿಪಾಲರು ಮೈಸೂರಿನ ಕಡೆಯವರು, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಬಂದ ಮೊದಲ ವಾರವೇ ನನ್ನ ಮೇಜಿನ ಮೇಲಿದ್ದ ಫೋನ್ ನಂಬರಿನ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು, ಸತ್ತ ಇಲಿಯನ್ನು ಎತ್ತುವ ಹಾಗೆ.

"ಮೇಡಂ, ಇನ್ಮೇಲೆ ಫೋನು, ವಾಟ್ಸಾಪು ಯಾವ್ದೂ ಬೇಡ. ಎಲ್ಲಾ ಇಮೇಲಲ್ಲೇ ಹೋಗ್ಲಿ. ನಾಳೆ ಯಾರಾದ್ರೂ ಕೇಳಿದ್ರೆ ನಮ್ಮ ಹತ್ರ ರೆಕಾರ್ಡ್ ಇರ್ಬೇಕು."

"ಫೋನಲ್ಲಿ ಹೇಳಿದ್ರೆ ಕೆಲಸ ಆಗುತ್ತೆ ಸರ್. ಇಮೇಲಲ್ಲಿ ಹೇಳಿದ್ರೆ ರೆಕಾರ್ಡ್ ಮಾತ್ರ ಆಗುತ್ತೆ" ಅಂದೆ.

ಅವರು ನಕ್ಕರು. ನನಗೆ ನಗು ಬಂದಿರಲಿಲ್ಲ, ಹೇಳಿದ್ದು ನಿಜವನ್ನೇ.

ಕಾಲೇಜಿನ ಇಮೇಲಿನಲ್ಲಿ ಅಷ್ಟು ಹೊತ್ತಿಗೆ ಆರುನೂರಕ್ಕೂ ಹೆಚ್ಚು ವಿಳಾಸಗಳಿದ್ದವು. ಹತ್ತು ವರ್ಷದಲ್ಲಿ ಆ ಕಂಪ್ಯೂಟರಿನ ಮುಂದೆ ಯಾರ್‍ಯಾರು ಕೂತಿದ್ದರೋ ಅವರವರು ತಮಗೆ ತೋಚಿದ ಹಾಗೆ ಸೇರಿಸಿದಂಥವು. ಅದನ್ನು ಪಟ್ಟಿ ಅನ್ನುವುದಕ್ಕಿಂತ ಕಿಷ್ಕಿಂಧೆ ಅನ್ನಬಹುದು. ಒಬ್ಬರ ಹೆಸರಿನ ಜಾಗದಲ್ಲಿ 'ಕಣಕಟ್ಟೆ ತೋಟದ ಅಪ್ಪ' ಎಂದಿತ್ತು. ಇನ್ನೊಬ್ಬರು 'ಹಗರೆ ಡೈರಿ, ಹುಡುಗಿಯ ತಾಯಿ'. ಒಂದು ಕಡೆ 'ಫೋನ್ ತೆಗೆಯಲ್ಲ' ಅಂತ ಇತ್ತು, ಅದರ ಕೆಳಗೇ 'ಫೋನ್ ತೆಗೆಯಲ್ಲ ಹೊಸದು'. ಇವರಿಬ್ಬರೂ ಯಾರು, ಹೊಸದಾಗಿ ಯಾಕೆ ತೆಗೆಯುವುದನ್ನು ಬಿಟ್ಟರು, ದೇವರೇ ಬಲ್ಲ.

ಪ್ರಿನ್ಸಿಪಾಲರು ಹಾಸನಕ್ಕೆ ನನ್ನನ್ನು ಅರ್ಧ ದಿನದ ತರಬೇತಿಗೆ ಕಳಿಸಿದರು. ಸಂಪರ್ಕಗಳನ್ನು ಗುಂಪು ಮಾಡುವುದು, ಒಂದೊಂದು ಗುಂಪಿಗೂ ಒಂದು ಹೆಸರಿನ ಚೀಟಿ ಅಂಟಿಸುವುದು, ಒಂದೇ ಪತ್ರವನ್ನು ಗುಂಪಿನ ಎಲ್ಲರಿಗೂ ಅವರವರ ಹೆಸರು ಹಾಕಿ ಬೇರೆಬೇರೆಯಾಗಿ ಕಳಿಸುವುದು, ಇಷ್ಟನ್ನೂ ಹೇಳಿಕೊಟ್ಟರು. ಸುಳ್ಳು ಯಾಕೆ ಹೇಳಲಿ, ನನಗೆ ಹಿಡಿಸಿತು. ಅಡಿಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸದೆ ಇದ್ದರೆ ನಿದ್ದೆ ಬಾರದ ಹೆಂಗಸು ನಾನು. ಮೇ ತಿಂಗಳ ರಜೆಯಲ್ಲಿ ಆಫೀಸು ಖಾಲಿ. ಫ್ಯಾನ್ ಹಾಕಿಕೊಂಡು, ಮಜ್ಜಿಗೆ ಲೋಟ ಪಕ್ಕದಲ್ಲಿಟ್ಟುಕೊಂಡು ಪಟ್ಟಿಯ ಮೇಲೆ ಬಿದ್ದೆ. ಅತಿಥಿ ಉಪನ್ಯಾಸಕರು, ಪೋಷಕರು, ಹಳೆಯ ವಿದ್ಯಾರ್ಥಿಗಳು, ಹಾಸ್ಟೆಲ್, ಸರಬರಾಜುದಾರರು ಅಂತ ಐದು ಗುಂಪು ಮಾಡಿದೆ. ಹನ್ನೊಂದು ದಿನ ಹಿಡಿಯಿತು. 'ಫೋನ್ ತೆಗೆಯಲ್ಲ' ಇಬ್ಬರನ್ನೂ ಅಳಿಸಿಹಾಕಿದೆ.

ಆಗ ಸಿಕ್ಕಿದ್ದು ಹಳೇಬೀಡಿನ ಸಮಾಚಾರ.

ನಲವತ್ತಮೂರು ಜನರ ಹೆಸರಿನ ಮುಂದೆ ಒಂದೇ ಇಮೇಲ್ ವಿಳಾಸ! ಪೋಷಕರು, ಹಳೆಯ ವಿದ್ಯಾರ್ಥಿಗಳು, ಹಾಸ್ಟೆಲಿನ ಹುಡುಗಿಯರು, ಇಬ್ಬರು ಅತಿಥಿ ಉಪನ್ಯಾಸಕರು, ಎಲ್ಲರಿಗೂ ಅದೇ. ಅದು ಹಳೇಬೀಡು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯ ವಿಳಾಸ. ಆ ಸುತ್ತಿನಲ್ಲಿ ಯಾರು ಯಾವ ಅರ್ಜಿ ಹಾಕಬೇಕಾದರೂ ಅಲ್ಲಿಗೇ ಹೋಗುವುದು. ಅರ್ಜಿ ತುಂಬಿಕೊಡುವ ಅಂಗಡಿಯವರು ಇಮೇಲ್ ಅನ್ನುವ ಖಾನೆಗೆ ಬಂದಾಗ ತಮ್ಮದನ್ನೇ ತುಂಬುತ್ತಿದ್ದರು. ಪತ್ರ ಬಂದ ದಿನ ಅದರ ಮೇಲಿನ ಹೆಸರು ನೋಡಿ, ಪ್ರಿಂಟ್ ತೆಗೆದು, ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಊರು ಬರೆದು, ಮನೆಯವರು ಸಂತೆಗೆ ಬಂದರೆ ಕೈಗೆ ಕೊಡುವುದು, ಇಲ್ಲದಿದ್ದರೆ ಆ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವುದು. ಒಂದೇ ಹೆಸರಿನ ಇಬ್ಬರಿದ್ದರೆ ನನಗೇ ಫೋನ್ ಮಾಡುತ್ತಿದ್ದರು: "ಮೇಡಂ, ಈ ಹುಡ್ಗಿ ಬಸ್ತಿಹಳ್ಳಿದೋ, ಜಾವಗಲ್ ರಸ್ತೇದೋ?" ವರ್ಷಗಳಿಂದ ಇದು ಹೀಗೇ ನಡೆದಿತ್ತು. ಅಷ್ಟು ವರ್ಷ ಆ ಫೋನಿಗೆ ಉತ್ತರ ಕೊಟ್ಟವಳು ನಾನೇ. ಆದರೂ ಅವತ್ತು ನಲವತ್ತಮೂರು ಸಾಲು ಒಟ್ಟಿಗೆ ಕಂಡಾಗ ಮೈಯೆಲ್ಲ ಉರಿದುಹೋಯಿತು. ನಾನು ಹನ್ನೊಂದು ದಿನ ಗುಡಿಸಿ ಸಾರಿಸಿದ ಅಂಗಳದಲ್ಲಿ ಯಾರೋ ಕಸ ಸುರಿದ ಹಾಗಾಯಿತು. ಫೋನ್ ಎತ್ತಿದೆ.

"ಏನ್ರೀ, ಇಡೀ ಹೋಬಳಿಗೆ ನಿಮ್ದೊಂದೇ ವಿಳಾಸ ಏನ್ರೀ? ಕಾಲೇಜಿನ ದಾಖಲೆ ಅಂದ್ರೆ ಏನು ಸಂತೆ ಅನ್ಕೊಂಡಿದ್ದೀರಾ?"

"ಅವ್ರಿಗೆ ಇಮೇಲ್ ಎಲ್ಲೈತೆ ಮೇಡಂ?" ಅಂದರು ಅಂಗಡಿಯವರು, ಸಮಾಧಾನವಾಗಿಯೇ. "ಇದ್ದೋರಿಗೂ ಪಾಸ್‌ವರ್ಡ್ ನೆಪ್ಪಿರಾಕಿಲ್ಲ. ನಂದು ಹಾಕಿದ್ರೆ ನಾನಾದ್ರೂ ನೋಡಿ ಮುಟ್ಟಿಸ್ತೀನಿ. ಇಲ್ಲೀಗಂಟ ಒಂದೂ ತಪ್ಪಿಲ್ಲ."

"ನೀವೇನು ಅಂಚೆ ಇಲಾಖೆನಾ? ಇನ್ಮೇಲೆ ಆಫೀಸಿಗೆ ಫೋನ್ ಮಾಡಿ ಇದು ಯಾರ್ದು, ಅದು ಯಾರ್ದು ಅಂತ ಕೇಳಿದ್ರೆ ಚೆನ್ನಾಗಿರಲ್ಲ, ಹೇಳಿದ್ದೀನಿ!"

"ಆಯ್ತು ಬುಡಿ ಮೇಡಂ" ಅಂದು ಇಟ್ಟರು.

ಮಾರನೆಯ ದಿನ ಮಧ್ಯಾಹ್ನ ಪರದೆಯ ಮೇಲೆ ಒಂದು ಸೂಚನೆ ಬಂತು. ನಿಮ್ಮ ಪಟ್ಟಿಯಲ್ಲಿ ಒಂದೇ ವಿಳಾಸ ಹಲವು ಸಲ ಇದೆ, ಅವನ್ನೆಲ್ಲ ಸೇರಿಸಿ ಒಂದು ಮಾಡಲೇ ಅಂತ. ಎಷ್ಟು ಮರ್ಯಾದೆಯಿಂದ ಕೇಳಿತ್ತು! ತರಬೇತಿಯಲ್ಲೂ ಹೇಳಿದ್ದರು, ಎರಡೆರಡು ಸಲ ಬಂದದ್ದನ್ನು ಒಂದುಗೂಡಿಸಿ ಪಟ್ಟಿಯನ್ನು ಚೊಕ್ಕ ಮಾಡಿಕೊಳ್ಳಿ ಅಂತ. ನಮ್ಮ ಪಟ್ಟಿಯಲ್ಲಿ ಎರಡೆರಡು ಸಲ ಬಂದವರು ಬೇಕಾದಷ್ಟಿದ್ದರು. ಪ್ರಿನ್ಸಿಪಾಲರೇ ಮೂರು ಕಡೆ ಇದ್ದರು. ಒಂದೊಂದೇ ನೋಡುವ ತಾಳ್ಮೆ ಯಾರಿಗಿತ್ತು? 'ಎಲ್ಲವನ್ನೂ' ಅನ್ನುವುದನ್ನು ಒತ್ತಿದೆ. ಆರುನೂರ ಚಿಲ್ಲರೆ ಇದ್ದದ್ದು ಐದುನೂರಕ್ಕಿಂತ ಕೆಳಗೆ ಇಳಿಯಿತು. ಅಬ್ಬಾ, ಒಂದು ಕೊಳೆ ತೊಲಗಿತು ಅಂದುಕೊಂಡು ಮಜ್ಜಿಗೆ ಕುಡಿದೆ.

ಆ ಯಂತ್ರದ ಪ್ರಕಾರ ಒಂದು ಇಮೇಲ್ ಅಂದರೆ ಒಬ್ಬ ಮನುಷ್ಯ. ಹಳೇಬೀಡು ಸುತ್ತಿನ ನಲವತ್ತಮೂರು ಜನ ಆ ಮಧ್ಯಾಹ್ನ ಒಬ್ಬ ಮನುಷ್ಯನಾದರು. ಸಾಲಿನಲ್ಲಿ ಮೊದಲಿದ್ದವರ ಹೆಸರು ಉಳಿಯಿತು, ಮಿಕ್ಕವರ ಹೆಸರು ಹೋಗಿ ಅವರ ಗುಂಪು, ಫೋನ್ ನಂಬರು ಮಾತ್ರ ಆ ಒಂದು ಹೆಸರಿಗೆ ಅಂಟಿಕೊಂಡವು. ಮೊದಲಿದ್ದವರು ಆ ಇಬ್ಬರು ಅತಿಥಿ ಉಪನ್ಯಾಸಕರಲ್ಲಿ ಒಬ್ಬರು, ನಮ್ಮ ಡ್ರಿಲ್ ಮೇಷ್ಟ್ರು. ಇದೆಲ್ಲ ನನಗೆ ತಿಳಿದದ್ದು ಎರಡು ತಿಂಗಳಾದ ಮೇಲೆ.

ತಿಳಿಯುವುದಕ್ಕೆ ಅವಕಾಶ ಇರಲಿಲ್ಲವೇ? ಇತ್ತು, ಅದಕ್ಕೇ ಹೊಟ್ಟೆ ಉರಿಯುವುದು. ಜೂನ್ ಮೊದಲ ವಾರ ಪೋಷಕರ ಸಭೆಯ ಪತ್ರ ಕಳಿಸಿದ ಮೇಲೆ ಡ್ರಿಲ್ ಮೇಷ್ಟ್ರು ಫೋನ್ ಮಾಡಿದರು. ಜಾವಗಲ್ ಕಡೆಯ ಹುಡುಗ, ಗಟ್ಟಿ ಗಂಟಲು.

"ಮೇಡಂ, ಇದೇನ್ ಮೇಡಂ? ಹೋದ ವರ್ಷ ನಿಮ್ಮ ಮಗಳ ಹಾಜರಾತಿ ಕಮ್ಮಿ ಐತೆ, ಸಭೆಗೆ ತಪ್ಪದೆ ಬನ್ನಿ ಅಂತ ನಂಗೆ ಬಂದೈತೆ! ನಂಗಿನ್ನೂ ಮದ್ವೇನೇ ಆಗಿಲ್ಲ. ಮನೇಲಿ ಹೆಣ್ಣು ನೋಡ್ತಾವ್ರೆ. ಈ ಕಾಗ್ದ ಆ ಕಡೆಯೋರ ಕೈಗೆ ಸಿಕ್ರೆ ನನ್ ಗತಿ ಏನು?"

ನಗು ತಡೆಯಲಾರದೆ ಬಂತು. ಆದರೆ ಎದುರಿಗೆ ಪೂರಕ ಪರೀಕ್ಷೆಯ ಶುಲ್ಕದ ಸಾಲು ಕಿಟಕಿಯಿಂದ ಗೇಟಿನವರೆಗೆ ನಿಂತಿತ್ತು. "ಹರಿದು ಹಾಕ್ರೀ ಅದನ್ನ. ಕಂಪ್ಯೂಟರ್ ಏನೋ ತಪ್ಪು ಮಾಡಿದೆ" ಅಂದೆ. ತಪ್ಪು ಏನು ಅಂತ ನೋಡಲಿಲ್ಲ. ಸಂಜೆ ಅದನ್ನೇ ಸಹೋದ್ಯೋಗಿಗಳಿಗೆ ಕತೆ ಮಾಡಿ ಹೇಳಿ ನಕ್ಕೆವು.

ಇನ್ನೊಬ್ಬ ಅತಿಥಿ ಉಪನ್ಯಾಸಕಿಯ ವಿಷಯಕ್ಕೆ ಬರುತ್ತೇನೆ. ಈ ಬರಹ ಅವರನ್ನು ಕುರಿತದ್ದೇ.

ಬಸ್ತಿಹಳ್ಳಿಯವರು, ಇತಿಹಾಸ ಪಾಠ ಮಾಡುವವರು. ಹಳೇಬೀಡಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಜಾವಗಲ್ ಮೇಲಿಂದ ಅರಸೀಕೆರೆಗೆ ಬರುತ್ತಿದ್ದರು. ಒಂಬತ್ತು ವರ್ಷ ಒಂದು ದಿನವೂ ತಡವಾಗಿ ಸಹಿ ಮಾಡಿದ್ದು ನಾನು ಕಂಡಿಲ್ಲ. ನಲವತ್ತನಾಲ್ಕು ವಯಸ್ಸು. ಮಾತು ಕಡಿಮೆ. ಪರೀಕ್ಷೆಯ ಕೊಠಡಿಯಲ್ಲಿ ಅವರಿದ್ದರೆ ಹುಡುಗರು ಕತ್ತು ತಿರುಗಿಸುತ್ತಿರಲಿಲ್ಲ, ಗದರಿಸಿ ಅಲ್ಲ, ಸುಮ್ಮನೆ ನಿಂತೇ. ನಮ್ಮ ಆಡಳಿತ ಮಂಡಳಿಯದು ಒಂದು ನಿಯಮ ಇತ್ತು. ಅತಿಥಿಯಾಗಿ ಬಂದವರು ನಡುವೆ ಒಂದು ವರ್ಷವೂ ಬಿಡದೆ ಹತ್ತು ವರ್ಷ ಪೂರೈಸಿದರೆ ಅವರನ್ನು ಕಾಯಂ ಮಾಡಿಕೊಳ್ಳುತ್ತಾರೆ. ನಡುವೆ ಬಿಟ್ಟುಹೋದರೆ ಮತ್ತೆ ಮೊದಲಿಂದ ಎಣಿಕೆ. ಇವರಿಗೆ ಒಂಬತ್ತಾಗಿತ್ತು. ಒಂದೇ ಒಂದು ವರ್ಷ ಬಾಕಿ.

ಪ್ರತಿವರ್ಷ ಕಾಲೇಜು ಶುರುವಾಗುವ ಮುಂಚೆ ಮರುನೇಮಕದ ಪತ್ರ ಹೋಗುತ್ತದೆ. ಅದಕ್ಕೆ ಒಂದು ವಾರದೊಳಗೆ ಒಪ್ಪಿಗೆ ಬರೆದು ಕಳಿಸಬೇಕು. ಕಳಿಸದಿದ್ದರೆ ಕಾಯುವ ಪಟ್ಟಿಯ ಮುಂದಿನವರಿಗೆ ಆ ಜಾಗ. ಜೂನ್ ಮಧ್ಯದಲ್ಲಿ ಅವರು ನನಗೆ ಫೋನ್ ಮಾಡಿದ್ದರು.

"ಮೇಡಂ, ತೊಂದ್ರೆ ಕೊಡ್ತಾ ಇದ್ದೀನಿ. ಪತ್ರ ಯಾವಾಗ ಬರ್ಬೋದು? ಈ ವರ್ಷ ಒಂದು..."

ಈ ವರ್ಷ ಒಂದು ಆದರೆ ಹತ್ತಾಗುತ್ತದೆ ಅನ್ನುವುದಕ್ಕೆ ಹೊರಟಿದ್ದರು. ನಾನು ಬಿಡಲಿಲ್ಲ. ಅವತ್ತು ಅದೇ ಪ್ರಶ್ನೆ ಕೇಳಿದವರಲ್ಲಿ ಅವರು ಏಳನೆಯವರು.

"ಮುಂದಿನ ವಾರ ಇಮೇಲಲ್ಲಿ ಬರುತ್ತೆ ಅಂತ ಎಲ್ರಿಗೂ ಹೇಳಿ ಹೇಳಿ ನನ್ನ ಗಂಟಲು ಬಿದ್ದೋಗಿದೆ ಕಣ್ರೀ. ಬಂದಾಗ ಬರುತ್ತೆ. ದಯವಿಟ್ಟು ಫೋನ್ ಮಾಡ್ಬೇಡಿ, ನಮಗೂ ಕೆಲಸ ಇರುತ್ತೆ."

"ಸರಿ ಮೇಡಂ, ಕ್ಷಮಿಸಿ" ಅಂದರು.

ಮುಂದಿನ ವಾರ 'ಅತಿಥಿ ಉಪನ್ಯಾಸಕರು' ಗುಂಪಿಗೆ ಪತ್ರ ಕಳಿಸಿದೆ. ಇಪ್ಪತ್ತೊಂದು ಪತ್ರ ಹೋಯಿತು ಅಂತ ತೋರಿಸಿತು. ನಮ್ಮಲ್ಲಿದ್ದದ್ದು ಇಪ್ಪತ್ತೆರಡು ಜನ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಿಂದೆ ಒಂದೊಂದು ಪತ್ರವನ್ನೂ ಕೈಯಾರೆ ಕಳಿಸುತ್ತಿದ್ದಾಗ ಒಂದೊಂದು ಹೆಸರಿಗೂ ಒಂದೊಂದು ಮುಖ ನೆನಪಾಗುತ್ತಿತ್ತು. ಈಗ ಒಂದು ಗುಂಡಿ ಒತ್ತಿದೆ, ಎರಡು ನಿಮಿಷದಲ್ಲಿ ಮುಗಿಯಿತು, ಪ್ರಿನ್ಸಿಪಾಲರು "ನೋಡಿದ್ರಾ ಮೇಡಂ?" ಅಂದರು, ನಾನೂ ಹಿಗ್ಗಿದೆ.

ಒಂದು ವಾರ ಕಳೆಯಿತು. ಒಪ್ಪಿಗೆ ಬಂದವರ ಪಟ್ಟಿಯನ್ನು ಅದೇ ಕಂಪ್ಯೂಟರಿನಿಂದ ತೆಗೆದು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ವಿಷಯವಾರು ನೋಡುತ್ತ ಬಂದು, "ಹಿಸ್ಟರಿ ಯಾರೂ ಒಪ್ಪಿಗೆ ಕೊಟ್ಟಿಲ್ವಲ್ಲ" ಅಂದರು.

"ಕೊಟ್ಟಿಲ್ಲ ಸರ್."

"ಸರಿ, ವೇಟಿಂಗ್ ಲಿಸ್ಟಲ್ಲಿ ಇರೋರನ್ನ ಕರೀರಿ."

ಆಗ ನನಗೆ ಏನನ್ನಿಸಿತು ಗೊತ್ತೇ? ಅವರಿಗೇನಾದರೂ ಆಗಿದೆಯೋ, ಪತ್ರ ಸಿಗಲಿಲ್ಲವೋ ಅಂತ ಅನ್ನಿಸಲಿಲ್ಲ. ಸಿಟ್ಟು ಬಂತು. ಮನೆ ಹತ್ತಿರವೇ ಬೇಲೂರಿನಲ್ಲೋ ಎಲ್ಲೋ ಬೇರೆ ಕೆಲಸ ಸಿಕ್ಕಿರಬೇಕು, ಒಂಬತ್ತು ವರ್ಷ ಉಪ್ಪು ತಿಂದವರು ಬರುವುದಿಲ್ಲ ಅಂತ ಒಂದು ಮಾತು ಹೇಳಬಾರದೇ, ಎಷ್ಟು ಕೊಬ್ಬು ಅಂತ. ಪುಸ್ತಕದಲ್ಲಿ ಅವರ ನಂಬರ್ ಇತ್ತು. ಒಂದು ಫೋನ್ ಮಾಡಿ ಬೈಯಬೇಕು ಅಂತ ಕೈ ಹೋಯಿತು. ಫೋನ್ ಬೇಡ ಅಂದಿದ್ದಾರಲ್ಲ ಅಂತ ಸುಮ್ಮನಾದೆ. ಬೈಯುವುದಕ್ಕಾದರೂ ಫೋನ್ ಮಾಡಿದ್ದರೆ ಅವರ ಕೆಲಸ ಉಳಿಯುತ್ತಿತ್ತು.

ಕಾಲೇಜು ಶುರುವಾದ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಅವರು ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಹೆಗಲಲ್ಲಿ ಚೀಲ, ಚೀಲದಿಂದ ಇಣುಕುವ ಊಟದ ಡಬ್ಬಿ. ನನಗೆ ನಮಸ್ಕಾರ ಹೇಳಿ ನೇರ ಹಾಜರಿ ಪುಸ್ತಕದ ಹತ್ತಿರ ಹೋದರು. ನಾನು ತಲೆ ಎತ್ತಿ ನೋಡುತ್ತಲೇ ಇದ್ದೆ. ಒಂದು ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ಬೆರಳಿಟ್ಟುಕೊಂಡು ಮೇಲಿಂದ ಕೆಳಗೆ ಓದಿದರು. ಇತಿಹಾಸ ಅಂತ ಇದ್ದ ಕಡೆ ಬೇರೆ ಯಾರದೋ ಹೆಸರು, ಎದುರಿಗೆ ಆಗಲೇ ಸಹಿ.

"ಮೇಡಂ, ನನ್ನ ಹೆಸರು ಬಿಟ್ಟುಹೋಗಿದೆ" ಅಂದರು.

"ನೀವು ಒಪ್ಪಿಗೆ ಕಳಿಸ್ಲಿಲ್ವಲ್ಲ!" ಅಂದೆ. ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ಪತ್ರಾನೇ ಬರ್ಲಿಲ್ಲ ಮೇಡಂ. ತಡ ಆಗಿರ್ಬೇಕು ಅನ್ಕೊಂಡೆ. ಫೋನ್ ಮಾಡ್ಬೇಡಿ ಅಂದಿದ್ರಲ್ಲ, ಅದಕ್ಕೆ ಮಾಡ್ಲಿಲ್ಲ. ಕಾಲೇಜು ಇವತ್ತು ಶುರು ಅಂತ ಗೊತ್ತಿತ್ತು, ಬಂದೆ."

ಕಂಪ್ಯೂಟರಿನಲ್ಲಿ ಅವರ ಹೆಸರು ಹುಡುಕಿದೆ. ಇಲ್ಲ. ಇನ್ನೊಂದು ಥರ ಹುಡುಕಿದೆ. ಇಲ್ಲ. ಅವರ ಫೋನ್ ನಂಬರ್ ಕೇಳಿ ಅದನ್ನು ಹಾಕಿದೆ. ಡ್ರಿಲ್ ಮೇಷ್ಟ್ರ ಹೆಸರು ತೆರೆದುಕೊಂಡಿತು. ಅವರ ಹೆಸರಿನ ಕೆಳಗೆ ಫೋನ್ ನಂಬರುಗಳು, ಒಂದರ ಕೆಳಗೊಂದು, ಒಂದರ ಕೆಳಗೊಂದು. ಇಳಿಸಿದಷ್ಟೂ ಮುಗಿಯುತ್ತಿರಲಿಲ್ಲ. ನಲವತ್ತಮೂರು. ಎದುರಿಗೆ ನಿಂತವರದ್ದು ಕೊನೆಯಿಂದ ಮೂರನೆಯದು.

"ಅಯ್ಯೋ ದೇವರೇ" ಅಂದೆ, ಬಾಯಿಬಿಟ್ಟು.

ಒಂದುಗೂಡಿಸಿದ್ದನ್ನು ಮತ್ತೆ ಬಿಡಿಸುವ ದಾರಿ ಇದೆಯೇ ಅಂತ ನೋಡಿದರೆ, ಇದೆ, ಮೂವತ್ತು ದಿನದೊಳಗೆ ಅಂತ ಬರೆದಿತ್ತು. ನಾನು ಒತ್ತಿ ಎರಡು ತಿಂಗಳಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಪ್ರಿನ್ಸಿಪಾಲರ ಕೋಣೆಗೆ ಹೋದೆ, ಕದ ತಟ್ಟದೆ.

"ಸರ್, ತಪ್ಪು ನಂದು. ಆ ಮೇಡಂಗೆ ಪತ್ರಾನೇ ಹೋಗಿಲ್ಲ." ಇದ್ದದ್ದನ್ನೆಲ್ಲ ಹೇಳಿದೆ.

ಅವರು ತಮ್ಮ ಕಂಪ್ಯೂಟರಿನಲ್ಲಿ ನೋಡಿದರು. "ಆ ಇಮೇಲ್ ಐಡಿಗೆ ಪತ್ರ ಹೋಗಿದೆ ಅಂತ ಇದೆಯಲ್ಲ ಮೇಡಂ. ರೆಕಾರ್ಡ್ ಪ್ರಕಾರ ತಲುಪಿದೆ."

"ತಲುಪಿರೋದು ಡ್ರಿಲ್ ಮೇಷ್ಟ್ರಿಗೆ ಸರ್!"

"ಐಡಿ ಒಂದೇ ಅಲ್ವಾ? ತಮ್ಮದೇ ಒಂದು ಐಡಿ ಮಾಡ್ಕೊಳ್ದೇ ಇದ್ದದ್ದು ಅವ್ರ ತಪ್ಪು. ಹೊಸಬರು ಜಾಯಿನ್ ಆಗಿದ್ದಾರೆ. ಈಗ ಅವರನ್ನ ಹೇಗೆ ಕಳಿಸ್ಲಿ, ಹೇಳಿ?"

ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹೊರಗೆ ಬಂದು ಹೇಳಿದಾಗ ಉಪನ್ಯಾಸಕಿ ಅಳಲಿಲ್ಲ, ಕೂಗಾಡಲಿಲ್ಲ. ಡಬ್ಬಿಯನ್ನು ಚೀಲದೊಳಗೆ ಒತ್ತಿ ಜಿಪ್ ಎಳೆದರು. "ಹತ್ತೂವರೆ ಬಸ್ ಸಿಗುತ್ತೆ ಅಲ್ವಾ ಮೇಡಂ?" ಅಂತ ಮಾತ್ರ ಕೇಳಿದರು.

ಆಡಳಿತ ಮಂಡಳಿಗೆ ನಾನೇ ಬರೆಯುವುದು ಅಂತ ತೀರ್ಮಾನಿಸಿದೆ. ಬಾಯಿ ಮಾತಿಗೆ ಅವರು ಬೆಲೆ ಕೊಡುವುದಿಲ್ಲ, ಪತ್ರ ಬಂದಿಲ್ಲ ಅನ್ನುವುದಕ್ಕೆ ಆಧಾರ ಬೇಕು. ಶನಿವಾರ ಮಧ್ಯಾಹ್ನ ಹಳೇಬೀಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಜೆರಾಕ್ಸ್ ಅಂಗಡಿಯವರನ್ನು ಮನಸ್ಸಿನಲ್ಲೇ ಬೈಯುತ್ತ ಹೋದೆ. ವರ್ಷವರ್ಷ ಬರುವ ಪತ್ರ ಈ ಸಲ ಬರಲಿಲ್ಲ ಅಂತ ಗೊತ್ತಾಗಬೇಡವೇ? ಗೊತ್ತಾದ ಮೇಲೆ ಒಂದು ಫೋನ್ ಮಾಡುವುದಕ್ಕೇನು ಧಾಡಿ?

ಅಂಗಡಿಯವರನ್ನು ನಾನು ಮುಖತಃ ನೋಡಿದ್ದು ಅವತ್ತೇ. ನನಗಿಂತ ಹಿರಿಯರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಪಕ್ಕದಲ್ಲಿ ದೇವಸ್ಥಾನ ನೋಡಲು ಬಂದ ಟೂರಿಸ್ಟ್ ಬಸ್ಸೊಂದು ಹೊಗೆ ಬಿಡುತ್ತ ನಿಂತಿತ್ತು. ನಾನು ಯಾರು ಅಂತ ಹೇಳಿದೊಡನೆ ಸ್ಟೂಲು ಒರೆಸಿ ಹಾಕಿದರು. ಕೇಳಿದ್ದಕ್ಕೆ ಮರುನೇಮಕದ ಪತ್ರ ಹೋದ ವಾರ ಬಂದ ಇಮೇಲುಗಳ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಟ್ಟರು. ನಮ್ಮ ಕಾಲೇಜಿನಿಂದ ಬಂದದ್ದು ಒಂದೇ, ಡ್ರಿಲ್ ಮೇಷ್ಟ್ರ ಹೆಸರಿಗೆ.

"ಒಂದೇ ಬಂದಿದೆ ಅಂತ ನಿಮಗೆ ಅನುಮಾನ ಬರ್ಲಿಲ್ವೇನ್ರೀ?" ಅಂದೆ. ಕೂಗಿದೆ ಅನ್ನಬೇಕು.

"ಬಂತು ಮೇಡಂ. ಯಾಕ್ ಸುಳ್ಳೇಳ್ಲಿ. ಪೋಷಕರ ಕಾಗ್ದಾನೂ ಒಂದೇ ಬಂತು, ಆಗ್ಲೇ ಅನುಮಾನ ಬಂತು. ಆ ಮೇಡಮ್ಮಾರು ದಿನಾ ಸಂಜೆ ಬಂದು ಕೇಳೋರು. ಹದಿನೈದು ದಿವ್ಸ ಬಂದ್ರು. ಇಲ್ಲ ಕಣಮ್ಮ, ಇಲ್ಲ ಕಣಮ್ಮ ಅಂದು ಅಂದು ನಂಗೇ ಬೇಜಾರಾಗೋಯ್ತು. ಆಫೀಸಿಗೊಂದ್ ಫೋನ್ ಮಾಡ್ರವ್ವ ಅಂದೆ. 'ಮಾಡಿದ್ದೆ, ಬೈಸ್ಕೊಂಡೆ, ನೀವೇ ಒಂದ್ಸಲ ಕೇಳಿ' ಅಂದ್ರು. 'ನಂಗೂ ಬೈದವ್ರೆ, ಇನ್ನೊಂದ್ಸಲ ಮಾಡಿದ್ರೆ ಚೆನ್ನಾಗಿರಾಕಿಲ್ಲ ಅಂದವ್ರೆ' ಅಂದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಇಬ್ರೂ ನಕ್ಕೊಂಡು ಸುಮ್ಕಾದ್ವಿ ಮೇಡಂ."

ಅವರು ಟೀ ತರಿಸಿದರು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ನಮ್ಮಮ್ಮ ನನಗೆ ಹೇಳುತ್ತಿದ್ದಳು, ನಾನು ಲಂಗ ಹಾಕುತ್ತಿದ್ದ ಕಾಲದಿಂದ. ಕೊಯ್ದದ್ದು ಬೇರೆಯವರ ಮೂಗಾದರೆ ಏನು ಮಾಡುವುದು ಅಂತ ಅವಳೂ ಹೇಳಿರಲಿಲ್ಲ. ಇಷ್ಟು ದಿನ ತಪ್ಪನ್ನೆಲ್ಲ ಯಂತ್ರದ ಮೇಲೆ ಹಾಕಿದೆ, ಪ್ರಿನ್ಸಿಪಾಲರ ಮೇಲೆ ಹಾಕಿದೆ. ಯಂತ್ರ ಮೂವತ್ತು ದಿನವಾದರೂ ಕೊಟ್ಟಿತ್ತು. ನಾನು ಒಂದು ವಾಕ್ಯ ಪೂರ್ತಿ ಆಡುವುದಕ್ಕೂ ಬಿಟ್ಟಿರಲಿಲ್ಲ.

ಬಸ್ತಿಹಳ್ಳಿ ಅಲ್ಲಿಂದ ನಡೆದೇ ಹೋಗುವಷ್ಟು ದೂರ. ಹೋಗಿ ಅವರ ಮುಂದೆ ನಿಂತು ಹೇಳಬೇಕಾಗಿತ್ತು. ಅರಸೀಕೆರೆ ಬಸ್ಸು ಹತ್ತಿ ವಾಪಸ್ಸು ಬಂದೆ.

ಪತ್ರ ಬರೆದೆ. ಪಟ್ಟಿಯನ್ನು ಒಂದುಗೂಡಿಸಿದ್ದು ನಾನು, ಸಂಖ್ಯೆ ತಾಳೆ ನೋಡದೆ ಇದ್ದದ್ದು ನಾನು, ವಿಚಾರಿಸಲು ಬಂದವರನ್ನು ಗದರಿಸಿ ಬಾಯಿ ಮುಚ್ಚಿಸಿದ್ದು ನಾನು, ಅವರ ಸೇವೆಯನ್ನು ಅಖಂಡವೆಂದು ಪರಿಗಣಿಸಬೇಕು ಅಂತ. ಕೆಳಗೆ ಸಹಿ ಹಾಕಿ, ಅಂಗಡಿಯವರು ಕೊಟ್ಟ ಪ್ರಿಂಟ್ ಲಗತ್ತಿಸಿ, ಪ್ರಿನ್ಸಿಪಾಲರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. "ಮೇಡಂ, ನಿಮ್ಮ ರಿಟೈರ್ಮೆಂಟ್ ಹತ್ರ ಇದೆ. ಸರ್ವಿಸ್ ಬುಕ್ಕಲ್ಲಿ ಒಂದು ಕಪ್ಪು ಚುಕ್ಕೆ ಯಾಕೆ?" ಅಂದರು, ಒಳ್ಳೆಯ ಮನಸ್ಸಿನಿಂದಲೇ. ಕಳಿಸಿ ಸರ್ ಅಂದೆ. ಕಳಿಸಿದರು.

ಇದರ ನಡುವೆ ಇತಿಹಾಸಕ್ಕೆ ಬಂದ ಹೊಸ ಹುಡುಗ ಆರೇ ವಾರಕ್ಕೆ ಹಾಸನದಲ್ಲಿ ಬೇರೆ ಕೆಲಸ ಸಿಕ್ಕಿತು ಅಂತ ಹೊರಟುಹೋದ. ಅವನು ರಾಜೀನಾಮೆ ಕೊಟ್ಟ ಹತ್ತನೆಯ ನಿಮಿಷಕ್ಕೆ, ಯಾರನ್ನೂ ಕೇಳದೆ, ನಾನು ಫೋನ್ ಎತ್ತಿದೆ. "ಮೇಡಂ, ನಾಳೆ ಮೊದಲ ಬಸ್ಸಿಗೆ ಬನ್ನಿ" ಅಂದೆ. "ಬರ್ತೀನಿ ಮೇಡಂ" ಅಂದರು. ಪ್ರಿನ್ಸಿಪಾಲರೂ ಬೇಡ ಅನ್ನಲಿಲ್ಲ. ಅವರಿಗೂ ಪಾಠ ನಡೆಯಬೇಕಾಗಿತ್ತು.

ಮಂಡಳಿಯ ಉತ್ತರ ಬಂದದ್ದು ಅವರು ಮತ್ತೆ ಸೇರಿದ ಎರಡನೆಯ ವಾರ. ಅರ್ಧ ಪುಟದ ಪತ್ರ. ಸೂಪರಿಂಟೆಂಡೆಂಟರ ತಪ್ಪೊಪ್ಪಿಗೆಯನ್ನು ಗಮನಿಸಲಾಗಿದೆ, ಮುಂದೆ ಎಚ್ಚರದಿಂದಿರಲು ತಿಳಿಸಲಾಗಿದೆ. ಉಪನ್ಯಾಸಕಿಯವರ ಬಗ್ಗೆ ಸಹಾನುಭೂತಿ ಇದೆ. ಆದರೆ ಶೈಕ್ಷಣಿಕ ವರ್ಷದ ಆರಂಭದಲ್ಲಿ ಅವರು ಸೇವೆಯಲ್ಲಿ ಇರಲಿಲ್ಲವಾದ್ದರಿಂದ ಇದನ್ನು ಹೊಸ ನೇಮಕವೆಂದೇ ಪರಿಗಣಿಸತಕ್ಕದ್ದು. ನನಗೆ ಆಗಬೇಕಾಗಿದ್ದ ಶಿಕ್ಷೆಯೆಲ್ಲ ಅಷ್ಟೇ, ಎಚ್ಚರದಿಂದಿರಿ ಅನ್ನುವ ಒಂದು ಸಾಲು.

ಅದನ್ನು ಅವರಿಗೆ ಓದಿ ಹೇಳಬೇಕಾದವಳು ನಾನೇ. ಮೊದಲ ಪೀರಿಯಡ್ಡಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಳಗೆ ಕರೆದು ಕೂರಿಸಿ ಓದಿದೆ. ಅವರು ಪತ್ರವನ್ನು ಕೈಗೆ ತೆಗೆದುಕೊಂಡು ತಾವೇ ಒಂದು ಸಲ ಓದಿದರು.

"ಇನ್ನು ಹತ್ತು ಅಂದ್ರೆ ನನಗೆ ಐವತ್ತ್ನಾಲ್ಕು" ಅಂದರು, ಲೆಕ್ಕದ ಹಾಗೆ.

"ತಪ್ಪಾಯ್ತು ಮೇಡಂ" ಅಂದೆ. ಇಪ್ಪತ್ತೇಳು ವರ್ಷದಲ್ಲಿ ಆ ಕಿಟಕಿಯ ಒಳಗಿನಿಂದ ನಾನು ಆ ಮಾತು ಆಡಿದ್ದು ಅದೇ ಮೊದಲು. "ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೋಳು ನಾನೇ."

ಅತಿಥಿ ಉಪನ್ಯಾಸಕರ ಸೇವಾ ಪುಸ್ತಕ ನನ್ನ ಮೇಜಿನ ಮೇಲೆ ತೆರೆದೇ ಇತ್ತು. ಹೆಸರು, ವಿಷಯ, ಸೇರಿದ ತಾರೀಖು ಎಲ್ಲ ಬರೆದಿದ್ದೆ. ಅಖಂಡ ಸೇವೆಯ ವರ್ಷ ಅನ್ನುವ ಕೊನೆಯ ಖಾನೆಯನ್ನು ಮಾತ್ರ ಮಂಡಳಿಯ ಉತ್ತರಕ್ಕಾಗಿ ಬಿಟ್ಟಿದ್ದೆ.

"ಇದನ್ನ ಖಾಲೀನೇ ಬಿಡ್ತೀನಿ ಮೇಡಂ. ಮುಂದಿನ ಮೀಟಿಂಗಿಗೆ ಇನ್ನೊಂದ್ಸಲ ಬರೆಯೋಣ. ನಾನೇ ಹೋಗಿ ಕೂತು ಕೇಳ್ತೀನಿ."

"ಬೇಡ ಮೇಡಂ. ಖಾಲಿ ಬಿಟ್ರೆ ನಾಳೆ ಈ ವರ್ಷಾನೂ ಇಲ್ಲ ಅಂತಾರೆ." ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. "ಬರೀರಿ. ಕ್ಲಾಸಿಗೆ ಹೊತ್ತಾಯ್ತು."

ಪೆನ್ನು ತೆಗೆದುಕೊಂಡು 'ಒಂದು' ಎಂದು ಬರೆದೆ. ಅವರು ಬಗ್ಗಿ ನೋಡಿ, ಸರಿಯಾಗಿದೆ ಅಂತ ಖಚಿತ ಮಾಡಿಕೊಂಡು, ಪಕ್ಕದಲ್ಲಿ ಸಹಿ ಮಾಡಿದರು. "ಥ್ಯಾಂಕ್ಸ್ ಮೇಡಂ" ಅಂದು ಸೀಮೆಸುಣ್ಣ ತೆಗೆದುಕೊಂಡು ಕ್ಲಾಸಿಗೆ ಹೋದರು. ನಿಂತು ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.